ಮೊದಲ ಅಸೆಂಬಲ್ಡ್ ಪಿಸಿ: ಬಿಗಿ ಬಜೆಟ್, ಈ ಪಟ್ಟಿ ಸರಿಯಿದೆಯಾ?

#1 ಹೊಸಗಣಕ

ನಮಸ್ಕಾರ. ಬಿಡಿಭಾಗ ತಂದು ನಾನೇ ಜೋಡಿಸಬೇಕೆಂದಿರುವ ಮೊದಲ ಕಂಪ್ಯೂಟರ್. ಮುಖ್ಯ ಕೆಲಸ ಪ್ರೋಗ್ರಾಮಿಂಗ್. ಡಾಕರ್ (ಪ್ರೋಗ್ರಾಮ್‌ಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟಂತೆ ಓಡಿಸುವ ಸಾಧನ), ಜೊತೆಗೆ ಒಂದೆರಡು ವರ್ಚುವಲ್ ಮಷೀನ್ ಓಡಬೇಕು. ಬಿಡುವಿದ್ದಾಗ ಗೇಮ್ಸ್, ಅಪರೂಪಕ್ಕೆ ವಿಡಿಯೊ ಎಡಿಟಿಂಗ್. 1080ಪಿ, 75 ಹರ್ಟ್ಸ್ ಮಾನಿಟರ್ ಇದೆ. ಕೀಬೋರ್ಡ್, ಮೌಸ್ ಕೂಡ ಇವೆ. ಎತ್ತಿಟ್ಟ ಮೊತ್ತ ದಾಟುವ ಹಾಗಿಲ್ಲ.

ಪ್ರೊಸೆಸರ್: ರೈಜೆನ್ 7 5700ಎಕ್ಸ್
ಮದರ್‌ಬೋರ್ಡ್: ಎ520, ಎರಡು ರ‍್ಯಾಮ್ ಸ್ಲಾಟ್‌ನದು
ರ‍್ಯಾಮ್: 8 ಜಿಬಿ ಡಿಡಿಆರ್4 2666, ಒಂದೇ ಸ್ಟಿಕ್
ಗ್ರಾಫಿಕ್ಸ್: ಆರ್‌ಎಕ್ಸ್ 6500 ಎಕ್ಸ್‌ಟಿ 4 ಜಿಬಿ
ಸ್ಟೋರೇಜ್: 256 ಜಿಬಿ ಸಾಟಾ ಎಸ್‌ಎಸ್‌ಡಿ + 1 ಟಿಬಿ ಹಾರ್ಡ್ ಡಿಸ್ಕ್
ಕ್ಯಾಬಿನೆಟ್: ಮುಂದೆ ಗಾಜು, ಬಣ್ಣದ ದೀಪದ 4 ಫ್ಯಾನ್, ಜೊತೆಗೇ ಬರುವ 500 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ)

ಲೆಕ್ಕಕ್ಕೆ ಸರಿಹೋಗುತ್ತೆ. ಏನಾದರೂ ಬದಲಿಸಬೇಕಾ?

#2 ಎರಡನೇಸ್ಲಾಟ್

ಕೂಲರ್ ಎಲ್ಲಿ? 5700ಎಕ್ಸ್ ಡಬ್ಬಿಯಲ್ಲಿ ಕೂಲರ್ ಇರಲ್ಲ. ಅದನ್ನ ಬೇರೆ ತಗೋಬೇಕು, ಅಲ್ಲಿಗೆ ನಿಮ್ಮ ಲೆಕ್ಕ ತಪ್ಪಿತು.

#3 ಪಿಕ್ಸೆಲ್‌ಲೆಕ್ಕ

ಈ ಪಟ್ಟಿಯಲ್ಲಿ ದುಡ್ಡೆಲ್ಲ ಪ್ರೊಸೆಸರ್‌ಗೂ ದೀಪಕ್ಕೂ ಹೋಗಿದೆ, ಗ್ರಾಫಿಕ್ಸ್ ಕಾರ್ಡಿಗೆ ಉಳಿದದ್ದು ಚಿಲ್ಲರೆ. 6500 ಎಕ್ಸ್‌ಟಿ ನಿಮ್ಮ ಮೂರೂ ಕೆಲಸಕ್ಕೆ ಸಲ್ಲದ ಕಾರ್ಡ್, ಯಾಕೆ ಅಂತ ಹೇಳ್ತೀನಿ.

ಅದರ ಸ್ಲಾಟ್ ನೋಡಲು ಉದ್ದ ಇದ್ದರೂ ಒಳಗೆ ನಾಲ್ಕೇ ಪಿಸಿಐಇ ಲೇನ್, ಅಂದರೆ ಬೋರ್ಡ್ ಜೊತೆ ಡೇಟಾ ಓಡಾಡುವ ಸಾಲು. ಪಿಸಿಐಇ 4.0 ಬೋರ್ಡಿನಲ್ಲಾದರೆ ಹೇಗೋ ನಡೆಯುತ್ತೆ. ಎ520 ಇರೋದು 3.0, ಅಂದರೆ ದಾರಿಯ ಅಗಲ ಅರ್ಧಕ್ಕಿಳಿಯಿತು. 4 ಜಿಬಿ ಮೆಮೊರಿ ತುಂಬಿದ ಕೂಡಲೇ ಕಾರ್ಡ್ ಮುಖ್ಯ ರ‍್ಯಾಮ್‌ನಿಂದ ಡೇಟಾ ಎಳೆಯಬೇಕು, ಎಳೆಯುವ ದಾರಿಯೇ ಕಿರಿದು. ಗೇಮ್ ಸರಾಸರಿಯಲ್ಲಿ 50 ಎಫ್‌ಪಿಎಸ್ ತೋರಿಸಿದರೂ ನಡುನಡುವೆ ಜರ್ಕ್ ಹೊಡೆಯುತ್ತಿರುತ್ತೆ. ಮೇಲಾಗಿ ಅದರಲ್ಲಿ ವಿಡಿಯೊ ಎನ್‌ಕೋಡರ್ರೇ ಇಲ್ಲ. ಸ್ಕ್ರೀನ್ ರೆಕಾರ್ಡಿಂಗ್ ಆಗಲಿ, ವಿಡಿಯೊ ಎಕ್ಸ್‌ಪೋರ್ಟ್ ಆಗಲಿ ಪೂರ್ತಿ ಭಾರ ಪ್ರೊಸೆಸರ್ ಮೇಲೆ.

ಈ ದರ್ಜೆಯಲ್ಲಿ ಆರ್‌ಎಕ್ಸ್ 6600 ನೋಡಿ. 8 ಜಿಬಿ, 8 ಲೇನ್, ಎನ್‌ಕೋಡರ್ ಇದೆ, ಎಳೆಯೋದು 132 ವ್ಯಾಟ್, ಒಂದೇ 8 ಪಿನ್ ಕನೆಕ್ಟರ್ ಸಾಕು. 75 ಹರ್ಟ್ಸ್ ಮಾನಿಟರ್‌ಗೆ 1080ಪಿ ಮೀಡಿಯಂ-ಹೈ ಸೆಟ್ಟಿಂಗ್‌ನಲ್ಲಿ ಹೆಚ್ಚಿನ ಗೇಮ್‌ಗಳಿಗೆ ಧಾರಾಳ.

#4 ತಾಮ್ರತಂತಿ

ಕ್ಯಾಬಿನೆಟ್ ಜೊತೆ ಬರುವ ಎಸ್‌ಎಂಪಿಎಸ್ ಬಗ್ಗೆ ಯಾರೂ ಮಾತೆತ್ತಿಲ್ಲ. ಪಟ್ಟಿಯಲ್ಲಿ ಮೊದಲು ಹೊಡೆದುಹಾಕಬೇಕಾದ್ದು ಅದು.

ಅಂಥ ಪೆಟ್ಟಿಗೆಯ ಪಕ್ಕದಲ್ಲಿ ಒಂದು ಲೇಬಲ್ ಇರುತ್ತದೆ. ದೊಡ್ಡಕ್ಷರದ 500 ವ್ಯಾಟ್ ಬಿಟ್ಟು +12ವಿ ಕೆಳಗೆ ಬರೆದ ಆಂಪಿಯರ್ ನೋಡಿ, 12ರಿಂದ ಗುಣಿಸಿ. 24 ಆಂಪಿಯರ್ ಅಂತಿದ್ದರೆ 288 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು 12 ವೋಲ್ಟ್ ಸಾಲಿನಿಂದಲೇ. ಉಳಿದ ವ್ಯಾಟುಗಳನ್ನು ಇವತ್ತು ಹೆಚ್ಚು ಬಳಕೆಯಿಲ್ಲದ 3.3 ಮತ್ತು 5 ವೋಲ್ಟ್ ಸಾಲಿಗೆ ಸೇರಿಸಿ ಸಂಖ್ಯೆ ದೊಡ್ಡದು ಮಾಡಿರುತ್ತಾರೆ. ಒಳ್ಳೆಯ 550 ವ್ಯಾಟ್ ಯೂನಿಟ್‌ನಲ್ಲಿ 12 ವೋಲ್ಟ್ ಒಂದೇ 45 ಆಂಪಿಯರ್ ಹತ್ತಿರ ಕೊಡುತ್ತದೆ.

80 ಪ್ಲಸ್ ಬ್ರಾಂಜ್, ಗೋಲ್ಡ್ ಎಂಬುವು ದಕ್ಷತೆಯ ಗುರುತು ಮಾತ್ರ. 115 ವೋಲ್ಟ್‌ನಲ್ಲಿ ಶೇ 20, 50, 100 ಲೋಡ್‌ಗೆ ಬ್ರಾಂಜ್ ಅಂದರೆ 82, 85, 82. ಗೋಲ್ಡ್ ಅಂದರೆ 87, 90, 87. ಒಳಗಿನ ಕೆಪಾಸಿಟರ್ ಎಂಥದ್ದು, ಶಾರ್ಟ್ ಆದಾಗ ಕರೆಂಟ್ ಕಡಿಯುತ್ತದೆಯೇ ಎಂಬುದನ್ನು ಆ ಸ್ಟಿಕ್ಕರ್ ಹೇಳುವುದಿಲ್ಲ. ಅದಕ್ಕೆ ಸ್ಪೆಸಿಫಿಕೇಶನ್ ಹಾಳೆಯಲ್ಲಿ ಓವರ್ ವೋಲ್ಟೇಜ್, ಓವರ್ ಪವರ್, ಓವರ್ ಕರೆಂಟ್, ಶಾರ್ಟ್ ಸರ್ಕ್ಯೂಟ್, ಓವರ್ ಟೆಂಪರೇಚರ್ ರಕ್ಷಣೆಗಳು ಐದೂ ಇವೆಯೇ ನೋಡಿ, 5 ವರ್ಷದ ವಾರಂಟಿ ಇದೆಯೇ ನೋಡಿ, ಅದೇ ಮಾಡೆಲ್ ಅನ್ನು ಬಿಚ್ಚಿ ಲೋಡ್ ಹಾಕಿ ಪರೀಕ್ಷಿಸಿದ ವಿಮರ್ಶೆ ಒಂದಾದರೂ ಓದಿ. ಹಿಂಬದಿಯಲ್ಲಿ 115/230 ಎಂದು ತಳ್ಳುವ ಕೆಂಪು ಸ್ವಿಚ್ ಕಂಡರೆ ಹಳೇ ವಿನ್ಯಾಸ, ಬೇಡ.

ನಿಮಗೆಷ್ಟು ಬೇಕು? ಪ್ರೊಸೆಸರ್ 90 ವ್ಯಾಟ್ ಒಳಗೆ, 6600 ಹಾಕಿದರೆ 132, ಬೋರ್ಡ್-ಡಿಸ್ಕ್-ಫ್ಯಾನ್ ಸೇರಿ 50. ಸುಮಾರು 270. ಗ್ರಾಫಿಕ್ಸ್ ಕಾರ್ಡುಗಳು ಕ್ಷಣಾರ್ಧಕ್ಕೆ ಹೇಳಿದ್ದಕ್ಕಿಂತ ಹೆಚ್ಚು ಎಳೆಯುತ್ತವೆ, ನಾಳೆ 200 ವ್ಯಾಟಿನ ಕಾರ್ಡ್ ಬಂದರೂ ಬರಬಹುದು. 550 ಸರಿಯಾದ ಅಳತೆ. 750ಕ್ಕೆ ಹೋಗುವ ಅಗತ್ಯ ಈ ಪಟ್ಟಿಗಿಲ್ಲ.

#5 ಹೊಸಗಣಕ

ಎಲ್ಲರಿಗೂ ಥ್ಯಾಂಕ್ಸ್. ಆದರೆ 6600 ಹಾಕು, ಎಸ್‌ಎಂಪಿಎಸ್ ಬೇರೆ ತಗೋ ಅಂದರೆ ದುಡ್ಡು ಎಲ್ಲಿಂದ? ಮೊತ್ತ ಹಿಗ್ಗಲ್ಲ ಅಂತ ಮೊದಲೇ ಹೇಳಿದ್ದೆ.

#6 ಬೆಸುಗೆ

ಪಟ್ಟಿಯೊಳಗಿಂದಲೇ ಬರುತ್ತದೆ. 5700ಎಕ್ಸ್ ಬದಲು ರೈಜೆನ್ 5 5600 ಹಾಕಿ: 6 ಕೋರ್, 12 ಥ್ರೆಡ್, 32 ಎಂಬಿ ಎಲ್3 ಕ್ಯಾಶ್, ಡಬ್ಬಿಯಲ್ಲೇ ಕೂಲರ್. ಗೇಮ್‌ನಲ್ಲಿ ಎರಡರ ನಡುವೆ ವ್ಯತ್ಯಾಸ ಬೆರಳಲ್ಲಿ ಎಣಿಸುವಷ್ಟು. ಕಂಪೈಲ್ ಮಾಡುವಾಗ ಎಂಟು ಕೋರ್ ವೇಗ ಅನ್ನುವುದು ನಿಜ. ಆದರೆ 8 ಜಿಬಿ ರ‍್ಯಾಮ್‌ನಲ್ಲಿ ಡಾಕರ್ ಉಸಿರು ಕಟ್ಟುವಾಗ ಎಂಟು ಕೋರ್ ಸುಮ್ಮನೆ ಕೂತಿರುತ್ತವೆ. ಹಾರ್ಡ್ ಡಿಸ್ಕ್ ಈಗ ಬೇಡ. ಗಾಜಿನ ಕ್ಯಾಬಿನೆಟ್ ಬೇಡ. ಈ ಮೂರರಿಂದ ಉಳಿದದ್ದು ಎಸ್‌ಎಂಪಿಎಸ್‌ಗೂ ಕಾರ್ಡಿಗೂ.

ಬಿಗಿ ಬಜೆಟ್‌ನಲ್ಲಿ ನನ್ನ ನಿಯಮ ಒಂದೇ. ಬದಲಿಸಬೇಕಾದರೆ ಇಡೀ ಪಿಸಿ ಬಿಚ್ಚಬೇಕಾಗುವ ಭಾಗಗಳನ್ನು, ಅಂದರೆ ಮದರ್‌ಬೋರ್ಡ್, ಎಸ್‌ಎಂಪಿಎಸ್, ಕ್ಯಾಬಿನೆಟ್ ಇವನ್ನು, ಮೊದಲ ಸಲವೇ ಸರಿಯಾಗಿ ತಗೊಳ್ಳಿ. ರ‍್ಯಾಮ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್ ಐದು ನಿಮಿಷದಲ್ಲಿ ಕಳಚಿ ಹಾಕುವಂಥವು. ಅವು ಇವತ್ತು ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ.

ಕೊಳ್ಳುವಾಗ ಹೆಸರಿನ ಬಾಲ ಸರಿಯಾಗಿ ಓದಿ. 5500, 5600ಜಿ, ಎಕ್ಸ್ ಇಲ್ಲದ ಬರೀ 5700, ಈ ಮೂರರಲ್ಲೂ ಕ್ಯಾಶ್ 16 ಎಂಬಿ, ಪಿಸಿಐಇ 3.0. ಇಂಟೆಲ್‌ನಲ್ಲಿ ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಇಲ್ಲದೆ ಪರದೆಯಲ್ಲಿ ಏನೂ ಮೂಡದು. 5600ರಲ್ಲೂ ಒಳಗ್ರಾಫಿಕ್ಸ್ ಇಲ್ಲ, ಇದು ನೆನಪಿರಲಿ.

#7 ಮೌನಫ್ಯಾನ್

ಗಾಜಿನ ಮುಖದ ಕ್ಯಾಬಿನೆಟ್‌ನಲ್ಲಿ ನಾಲ್ಕು ಫ್ಯಾನ್ ಇದ್ದರೂ ಅವು ಗಾಜನ್ನೇ ಹೀರುತ್ತಿರುತ್ತವೆ. ಪಕ್ಕದ ಬೆರಳಗಲ ಸಂದಿಯಿಂದ ಬಂದಷ್ಟೇ ಗಾಳಿ. ಮುಂದೆ ಜಾಲರಿ ಇರುವುದು, ಮುಂದಿನಿಂದ ಎರಡು 120 ಎಂಎಂ ಫ್ಯಾನ್ ಒಳಕ್ಕೆ, ಹಿಂದಿನಿಂದ ಒಂದು ಹೊರಕ್ಕೆ. ಈ ಶಾಖಕ್ಕೆ ಅಷ್ಟು ಸಾಕು. ಒಳಬರುವ ಗಾಳಿ ಹೆಚ್ಚಿದ್ದರೆ ಧೂಳು ಫಿಲ್ಟರ್‌ನಲ್ಲೇ ನಿಲ್ಲುತ್ತೆ, ಎಲ್ಲ ಸಂದಿಯಿಂದ ನುಗ್ಗಲ್ಲ.

ಕೊಳ್ಳುವ ಮುಂಚೆ ಮೂರು ಅಳತೆ ತಾಳೆ ಹಾಕಿ: ಕಾರ್ಡ್ ಉದ್ದ, ಕೂಲರ್ ಎತ್ತರ, ಬೋರ್ಡ್ ಗಾತ್ರ. ಎಟಿಎಕ್ಸ್ 305×244 ಎಂಎಂ, ಮೈಕ್ರೊ ಎಟಿಎಕ್ಸ್ 244×244. ಮುಂದಿನ ಫ್ಯಾನ್ ದಪ್ಪ 25 ಎಂಎಂ, ಕ್ಯಾಬಿನೆಟ್‌ನವರು ಹೇಳುವ ಕಾರ್ಡ್ ಉದ್ದದಲ್ಲಿ ಅದನ್ನು ಕಳೆದಿದ್ದಾರೋ ಇಲ್ಲವೋ ನೋಡಿಕೊಳ್ಳಿ.

ದೀಪ ಬೇಕೇ ಬೇಕು ಅಂದ್ರೆ ಆಮೇಲೆ ಒಂದು ಪಟ್ಟಿ ಅಂಟಿಸಿ. ಅದಕ್ಕೇನು ಅವಸರ.

#8 ಎರಡನೇಸ್ಲಾಟ್

ರ‍್ಯಾಮ್ ವಿಷಯಕ್ಕೆ ಬರೋಣ. ಒಂದೇ ಸ್ಟಿಕ್ ಅಂದ್ರೆ ಸಿಂಗಲ್ ಚಾನೆಲ್, ಬ್ಯಾಂಡ್‌ವಿಡ್ತ್ ಅರ್ಧ. ಕಾರ್ಡ್ ಇರೋರಿಗೆ ಗೇಮ್‌ನಲ್ಲಿ ಸ್ವಲ್ಪ ಪೆಟ್ಟು, ಒಳಗ್ರಾಫಿಕ್ಸ್ ನಂಬಿದೋರಿಗೆ ದೊಡ್ಡ ಪೆಟ್ಟು, ಯಾಕಂದ್ರೆ ಅದಕ್ಕೆ ಇರೋ ಮೆಮೊರಿ ಅದೊಂದೇ. ಎರಡು ಸ್ಟಿಕ್ಕಿನ ಕಿಟ್ ತಗೊಳ್ಳಿ. ನಿಮ್ಮ ಕೆಲಸಕ್ಕೆ 2×16 ಸರಿ. ಕೈಗೆ ಎಟಕಲಿಲ್ಲ ಅಂದ್ರೆ 2×8 ಹಾಕಿ, ಆದರೆ ನಾಲ್ಕು ಸ್ಲಾಟ್ ಇರೋ ಬೋರ್ಡ್ ತಗೊಳ್ಳಿ. ನಿಮ್ಮ ಎ520ರಲ್ಲಿ ಎರಡೇ ಸ್ಲಾಟ್. ನಾಳೆ 32 ಬೇಕಾದ್ರೆ ಇರೋ ಎರಡನ್ನೂ ಕಿತ್ತು ಮಾರಬೇಕು.

ವೇಗದ ಲೆಕ್ಕ: ಸಿಎಲ್ (ಕೇಳಿದ ಡೇಟಾ ಕೊಡೋಕೆ ಹಿಡಿಯೋ ಸುತ್ತುಗಳು) ಅಂಕಿಯನ್ನ 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ನ್ಯಾನೊಸೆಕೆಂಡ್‌ನಲ್ಲಿ ತಡ ಎಷ್ಟು ಅಂತ ಸಿಗುತ್ತೆ. 3200 ಸಿಎಲ್16 ಅಂದ್ರೆ 10. 3600 ಸಿಎಲ್18, ಅದೂ 10. 3200 ಸಿಎಲ್22 ಅಂದ್ರೆ 13.75. ಡಬ್ಬಿ ಮೇಲೆ 3200 ಅಂತ ಎರಡರಲ್ಲೂ ಇರುತ್ತೆ, ಸಿಎಲ್ ನೋಡದೆ ತಗೋಬೇಡಿ. ನಿಮ್ಮ ರೈಜೆನ್ ಕೂರೋ ಸಾಕೆಟ್ ಹೆಸರು ಎಎಂ4. ಎಎಂ4ಗೆ 3200 ಸಿಎಲ್16 ಒಳ್ಳೇ ಹದ. 3600 ಅದೇ ಬೆಲೆಗೆ ಸಿಕ್ಕಿದರೆ ಸರಿ.

ಆಮೇಲೆ ಸೇರಿಸೋರಿಗೆ ಒಂದು ಮಾತು: ಬೇರೆ ಬೇರೆ ಕಿಟ್ ಬೆರೆಸಿದಾಗ ನಾಲ್ಕೂ ಸ್ಟಿಕ್ ಎಕ್ಸ್‌ಎಂಪಿ (ಡಬ್ಬಿ ಮೇಲಿನ ವೇಗ ಕೊಡೋ ಬಯಾಸ್ ಸೆಟ್ಟಿಂಗ್) ವೇಗದಲ್ಲಿ ನಿಲ್ಲದೆ ಇರಬಹುದು. ಆಗ 2933ಕ್ಕೆ ಇಳಿಸಿ ನೋಡೋದು.

#9 ಪಿಕ್ಸೆಲ್‌ಲೆಕ್ಕ

> ಎಎಂ4ಗೆ 3200 ಸಿಎಲ್16 ಒಳ್ಳೇ ಹದ

ಹೊಸದಾಗಿ ಕಟ್ಟುವವರಿಗೆ ಎಎಂ4 ಯಾಕೆ? 2017ರಿಂದ ರೈಜೆನ್ ಹೊತ್ತು ಬಂದ ಸಾಕೆಟ್, ಮುಂದೆ ದಾರಿಯಿಲ್ಲ. 2022ರಲ್ಲಿ ಬಂದ ಎಎಂ5ಗೆ 2027ರ ತನಕ, ಅದಕ್ಕೂ ಆಚೆ ಬೆಂಬಲ ಅಂತ ಎಎಂಡಿಯೇ ಹೇಳಿದೆ. ರೈಜೆನ್ 5 7600 ತಗೊಂಡರೆ ಡಬ್ಬಿಯಲ್ಲೇ ಕೂಲರ್, ಸಣ್ಣ ಒಳಗ್ರಾಫಿಕ್ಸ್ ಬೇರೆ. ಕಾರ್ಡ್ ಆರು ತಿಂಗಳು ಬಿಟ್ಟು ಕೊಂಡರೂ ಅಲ್ಲಿಯವರೆಗೆ ಪ್ರೋಗ್ರಾಮಿಂಗ್ ನಿಲ್ಲಲ್ಲ.

#10 ಬೆಸುಗೆ

ತತ್ವಕ್ಕೆ ಒಪ್ಪಿದೆ. ಆದರೆ ಎಎಂ5ರಲ್ಲಿ ಡಿಡಿಆರ್5 ಬಿಟ್ಟರೆ ಗತಿಯಿಲ್ಲ, ಮತ್ತು 2025ರ ಕೊನೆಯಿಂದ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ರ‍್ಯಾಮ್ ಬೆಲೆ ಏರಿದೆ. ಡಿಡಿಆರ್4 ಕೂಡ ಏರಿದೆ. ಹಾಗಾಗಿ ಎರಡೂ ಪಟ್ಟಿಯನ್ನು ಪ್ರೊಸೆಸರ್ + ಬೋರ್ಡ್ + ರ‍್ಯಾಮ್ ಮೂರೂ ಕೂಡಿಸಿ ಒಟ್ಟಿಗೇ ಹೋಲಿಸಬೇಕು, ಪ್ರೊಸೆಸರ್ ಒಂದನ್ನೇ ಅಲ್ಲ. ವ್ಯತ್ಯಾಸ ಇಡೀ ಬಜೆಟ್‌ನ ಹತ್ತನೇ ಒಂದು ಭಾಗದೊಳಗಿದ್ದರೆ ಎಎಂ5. ಅದಕ್ಕಿಂತ ಹೆಚ್ಚಾಗಿ, ಆ ದುಡ್ಡು ಗ್ರಾಫಿಕ್ಸ್ ಕಾರ್ಡನ್ನೇ ಒಂದು ಮೆಟ್ಟಿಲು ಕೆಳಗೆ ತಳ್ಳುವುದಾದರೆ ಎಎಂ4. ಹಳೆಯ ಡಿಡಿಆರ್4 ಸ್ಟಿಕ್ ಕೈಯಲ್ಲಿದ್ದವರಿಗೆ ಯೋಚನೆಯೇ ಬೇಡ. ಎರಡಕ್ಕೂ 288 ಪಿನ್ ಇದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿರುತ್ತದೆ. ಡಿಡಿಆರ್4 ಸ್ಟಿಕ್ ಡಿಡಿಆರ್5 ಸ್ಲಾಟ್‌ಗೆ ಕೂರುವುದಿಲ್ಲ, ಒತ್ತಬೇಡಿ.

ಇನ್ನೊಂದು. ದಾರಿಯಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. 5600 ಹಾಕಿದವರು ಮೂರು ವರ್ಷ ಬಿಟ್ಟು ಅದೇ ಬೋರ್ಡ್‌ಗೆ ಬಳಸಿದ 5700ಎಕ್ಸ್3ಡಿ ಹಾಕಬಹುದು, 96 ಎಂಬಿ ಕ್ಯಾಶ್‌ನದು.

ಇಂಟೆಲ್ ಕಡೆ ಐ5-12400 ಇದೆ. ಎಫ್ ಇಲ್ಲದ್ದು ತಗೊಂಡರೆ ಕ್ವಿಕ್ ಸಿಂಕ್ (ಒಳಗ್ರಾಫಿಕ್ಸ್‌ನ ವಿಡಿಯೊ ಎನ್‌ಕೋಡರ್) ಸಿಗುತ್ತದೆ, ವಿಡಿಯೊ ಎಡಿಟಿಂಗ್‌ಗೆ ಅನುಕೂಲ. ಅದರ ಬೋರ್ಡುಗಳಲ್ಲಿ ಡಿಡಿಆರ್4 ಬೇರೆ, ಡಿಡಿಆರ್5 ಬೇರೆ; ಹೆಸರಿನಲ್ಲಿ ಡಿ4 ಅಂತಿದೆಯೇ ಪರೀಕ್ಷಿಸಿ. ಎಚ್610 ಚಿಪ್‌ಸೆಟ್‌ನಲ್ಲಿ ರ‍್ಯಾಮ್ ಓವರ್‌ಕ್ಲಾಕ್ ಇಲ್ಲ, 3600 ಹಾಕಿದರೂ 3200ಕ್ಕೇ ನಿಲ್ಲುತ್ತದೆ.

#11 ಹೊಸಗಣಕ

ಲೆಕ್ಕ ಹಾಕಿದೆ. ಎಎಂ5 ತಗೊಂಡರೆ ಕಾರ್ಡ್ ಕೈಬಿಡಬೇಕು. ಎಎಂ4 ಅಂತಲೇ ಇಟ್ಟುಕೊಳ್ತೀನಿ. ಎ520 ಬೇಡ ಅಂದ್ರಿ, ಬಿ550 ಹಾಕಲಾ? ಎಸ್‌ಎಸ್‌ಡಿ ಎಂಥದ್ದು? ಕಾರ್ಡ್ ಹಳೆಯದು ಕೊಂಡರೆ ಪರವಾಗಿಲ್ವಾ?

#12 ಬೆಸುಗೆ

ಬಿ550, ಮೈಕ್ರೊ ಎಟಿಎಕ್ಸ್, ನಾಲ್ಕು ರ‍್ಯಾಮ್ ಸ್ಲಾಟ್, ವಿಆರ್‌ಎಂ (ಪ್ರೊಸೆಸರ್‌ಗೆ ವೋಲ್ಟೇಜ್ ಹದ ಮಾಡುವ ಭಾಗ) ಮೇಲೆ ಹೀಟ್‌ಸಿಂಕ್, ಹಿಂದೆ ಬಯಾಸ್ ಫ್ಲ್ಯಾಶ್ ಬಟನ್. ಇಷ್ಟಿದ್ದರೆ ಮುಗಿಯಿತು. ಎ520 ಕೆಟ್ಟ ಚಿಪ್‌ಸೆಟ್ ಅಂತಲ್ಲ, ಎಕ್ಸ್‌ಎಂಪಿ ಅದರಲ್ಲೂ ಓಡುತ್ತದೆ. ಆದರೆ ಅದನ್ನು ಹಾಕುವ ಬೋರ್ಡುಗಳಲ್ಲಿ ಉಳಿದದ್ದೆಲ್ಲ ಕತ್ತರಿಸಿರುತ್ತಾರೆ.

ಫ್ಲ್ಯಾಶ್ ಬಟನ್ ಯಾಕೆಂದರೆ, ಬೋರ್ಡ್ ಗೋದಾಮಿನಲ್ಲಿ ಹಳೆಯ ಬಯಾಸ್ ಇಟ್ಟುಕೊಂಡು ಕೂತಿದ್ದರೆ ರೈಜೆನ್ 5000 ಗುರುತು ಹಿಡಿಯದು. ಬಟನ್ ಇದ್ದರೆ ಪ್ರೊಸೆಸರ್ ಇಲ್ಲದೆಯೂ ಅಪ್‌ಡೇಟ್ ಆಗುತ್ತದೆ: ಪೆನ್‌ಡ್ರೈವ್ ಅನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಫೈಲ್‌ಗೆ ಮ್ಯಾನ್ಯುಯಲ್‌ನಲ್ಲಿ ಹೇಳಿದ ಹೆಸರನ್ನೇ ಕೊಟ್ಟು, ಗುರುತು ಮಾಡಿದ ಯುಎಸ್‌ಬಿ ಪೋರ್ಟ್‌ಗೇ ಚುಚ್ಚಿ, 24 ಪಿನ್ ಮತ್ತು 8 ಪಿನ್ ಎರಡೂ ಜೋಡಿಸಿ ಬಟನ್ ಒತ್ತುವುದು. ದೀಪ ಮಿನುಗುವುದು ನಿಲ್ಲುವ ತನಕ ಕರೆಂಟ್ ತೆಗೆಯಬಾರದು.

ಎಸ್‌ಎಸ್‌ಡಿ: 1 ಟಿಬಿ ಎನ್‌ವಿಎಂಇ, ಟಿಎಲ್‌ಸಿ ಚಿಪ್ (ಒಂದು ಕೋಶದಲ್ಲಿ 3 ಬಿಟ್; ಕ್ಯೂಎಲ್‌ಸಿ ಆದರೆ 4, ಎಸ್‌ಎಲ್‌ಸಿ ಆದರೆ 1). ಡಿರ‍್ಯಾಮ್ ಇಲ್ಲದ್ದು ಬಂದರೂ ನಡೆಯುತ್ತದೆ. ಕ್ಯೂಎಲ್‌ಸಿಯಲ್ಲಿ ದೊಡ್ಡ ಫೈಲ್ ಬರೆಯುವಾಗ ಎಸ್‌ಎಲ್‌ಸಿ ಕ್ಯಾಶ್ ತುಂಬಿದ ಮೇಲೆ ವೇಗ ಹಾರ್ಡ್ ಡಿಸ್ಕ್ ಮಟ್ಟಕ್ಕೂ ಇಳಿಯಬಹುದು. ಸೆಕೆಂಡಿಗೆ ಸಾಟಾ ಸುಮಾರು 550 ಎಂಬಿ, ಪಿಸಿಐಇ 3.0 ಸುಮಾರು 3500, 4.0 ಸುಮಾರು 7000. ಈ ಅಂಕಿ ಕಂಡು ಮರುಳಾಗಬೇಡಿ, 3.0 ಮತ್ತು 4.0 ನಡುವೆ ದಿನಬಳಕೆಯಲ್ಲಿ ವ್ಯತ್ಯಾಸ ತಿಳಿಯುವುದೇ ಕಷ್ಟ. ಪ್ರೊಸೆಸರ್ ಹತ್ತಿರದ ಮೊದಲ ಎಂ.2 ಸ್ಲಾಟ್‌ಗೇ ಹಾಕಿ. ಎಷ್ಟೋ ಬೋರ್ಡುಗಳಲ್ಲಿ ಎರಡನೆಯದು ತುಂಬಿದರೆ ಎರಡು ಸಾಟಾ ಪೋರ್ಟ್ ಸತ್ತುಹೋಗುತ್ತವೆ, ಮ್ಯಾನ್ಯುಯಲ್‌ನಲ್ಲಿ ಸಣ್ಣಕ್ಷರದಲ್ಲಿರುತ್ತದೆ.

#13 ಪಿಕ್ಸೆಲ್‌ಲೆಕ್ಕ

ಬಳಸಿದ ಕಾರ್ಡ್ ಕೊಳ್ಳಬಹುದು, ಬಳಸಿದ ಪ್ರೊಸೆಸರ್ ಕಣ್ಣುಮುಚ್ಚಿ ಕೊಳ್ಳಬಹುದು, ಎಎಂ4 ಆದರೆ ಪಿನ್ ಬಾಗಿಲ್ಲ ಅಂತ ಮಾತ್ರ ನೋಡಿ. ಬಳಸಿದ ಎಸ್‌ಎಂಪಿಎಸ್, ಹಾರ್ಡ್ ಡಿಸ್ಕ್ ಬೇಡ.

ಕಾರ್ಡ್ ಓಡುತ್ತಿರುವಾಗಲೇ ಪರೀಕ್ಷಿಸಬೇಕು. 20 ನಿಮಿಷ 3ಡಿ ಲೋಡ್ ಹಾಕಿ ಹಾಟ್‌ಸ್ಪಾಟ್ ತಾಪ ನೋಡಿ. 100 ದಾಟಿ ಏರುತ್ತಲೇ ಇದ್ದರೆ ಪೇಸ್ಟ್ ಒಣಗಿದೆ. ಎಲ್ಲ ಡಿಸ್‌ಪ್ಲೇ ಪೋರ್ಟ್‌ಗೂ ಒಮ್ಮೊಮ್ಮೆ ಕೇಬಲ್ ಹಾಕಿ. ಫ್ಯಾನ್ ಕೈಯಲ್ಲಿ ತಿರುಗಿಸಿ ಅಲುಗಾಟ ನೋಡಿ. ಸೀರಿಯಲ್ ನಂಬರ್ ಸ್ಟಿಕ್ಕರ್ ಕಿತ್ತಿದ್ದರೆ ವಾರಂಟಿ ಮರೆತುಬಿಡಿ.

ಹೆಸರಿನ ಮೋಸ ಇಲ್ಲೇ ಜಾಸ್ತಿ. ಆರ್‌ಎಕ್ಸ್ 580 ಅಂತ ಮಾರುವ ಕೆಲವಲ್ಲಿ 2304 ಬದಲು 2048 ಶೇಡರ್. ಆರ್‌ಟಿಎಕ್ಸ್ 3050ರಲ್ಲಿ 8 ಜಿಬಿಯದು 2560 ಕೋರ್, 6 ಜಿಬಿಯದು 2304; ಮೆಮೊರಿ ಕಡಿಮೆ ಅಷ್ಟೇ ಅಲ್ಲ, ಚಿಪ್ಪೇ ಬೇರೆ ಮಟ್ಟದ್ದು. 3060ರಲ್ಲೂ 12 ಜಿಬಿಯದಕ್ಕೆ 192 ಬಿಟ್ ಬಸ್, 8 ಜಿಬಿಯದಕ್ಕೆ 128. ಜಿಪಿಯು-ಝಡ್ ಅನ್ನೋ ಸಾಫ್ಟ್‌ವೇರ್ ತೆರೆದರೆ ಒಂದೇ ನೋಟಕ್ಕೆ ಗೊತ್ತಾಗುತ್ತೆ.

12 ಜಿಬಿ ಬೇಕು ಅನ್ನೋರು ಇಂಟೆಲ್ ಆರ್ಕ್ ಬಿ580 ಹೆಸರು ಹೇಳ್ತಾರೆ. ಒಳ್ಳೇ ಕಾರ್ಡ್, ಆದರೆ ರೀಸೈಜಬಲ್ ಬಾರ್ (ಕಾರ್ಡಿನ ಮೆಮೊರಿ ಪೂರ್ತಿ ಪ್ರೊಸೆಸರ್‌ಗೆ ತೆರೆಯುವ ಬಯಾಸ್ ಸೆಟ್ಟಿಂಗ್) ಇಲ್ಲದಿದ್ದರೆ ಕುಂಟುತ್ತೆ, ಮತ್ತು 5600ರಂಥ ಪ್ರೊಸೆಸರ್ ಜೊತೆ ಅದರ ಡ್ರೈವರ್ ಭಾರ ಕೆಲವು ಗೇಮ್‌ಗಳಲ್ಲಿ ಎದ್ದು ಕಾಣುತ್ತೆ. ಮಷೀನ್ ಲರ್ನಿಂಗ್ ಮಾಡೋದಿದ್ದರೆ ಮಾತ್ರ ಕುಡಾಗಾಗಿ (ಎನ್ವಿಡಿಯಾ ಕಾರ್ಡ್‌ಗಳಲ್ಲಿ ಲೆಕ್ಕ ಮಾಡಿಸುವ ವ್ಯವಸ್ಥೆ) 3060 12 ಜಿಬಿ ಕಡೆ ಹೋಗಿ.

#14 ಹೊಸಗಣಕ

ಸರಿ. 5600, ಬಿ550, 2×8 3200 ಸಿಎಲ್16, 6600, 1 ಟಿಬಿ ಟಿಎಲ್‌ಸಿ, 550 ವ್ಯಾಟ್ ಬ್ರಾಂಜ್, ಜಾಲರಿ ಕ್ಯಾಬಿನೆಟ್. ಜೋಡಿಸುವಾಗ ಸಾಮಾನ್ಯವಾಗಿ ಎಲ್ಲಿ ಕೈ ಸುಡುತ್ತೆ?

#15 ತಾಮ್ರತಂತಿ

ಮೊದಲು ಎಲ್ಲವನ್ನೂ ಕ್ಯಾಬಿನೆಟ್‌ನ ಹೊರಗೆ, ಮದರ್‌ಬೋರ್ಡ್‌ನ ರಟ್ಟಿನ ಡಬ್ಬಿಯ ಮೇಲಿಟ್ಟು ಚಾಲೂ ಮಾಡಿ ನೋಡಿ. ಪ್ರೊಸೆಸರ್, ಕೂಲರ್, ರ‍್ಯಾಮ್, ಕಾರ್ಡ್, ಎಸ್‌ಎಂಪಿಎಸ್ ಇಷ್ಟೇ. ಪವರ್ ಸ್ವಿಚ್‌ನ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದರೆ ಸಾಕು. ಬಯಾಸ್ ಪರದೆ ಬಂತೆಂದರೆ ಭಾಗಗಳು ಸರಿ, ಮುಂದೆ ಬರುವ ತೊಂದರೆಯೆಲ್ಲ ಜೋಡಣೆಯದು.

ಪ್ರೊಸೆಸರ್‌ನ ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಹೊಂದಿಸಿ ಇಟ್ಟರೆ ತಾನೇ ಇಳಿಯುತ್ತದೆ. ಒತ್ತಬಾರದು. 5600 ಜೊತೆ ಬರುವ ಕೂಲರ್‌ಗೆ ಬೋರ್ಡಿನ ಮೇಲಿನ ಎರಡು ಪ್ಲಾಸ್ಟಿಕ್ ಕೊಂಡಿ ಬಿಚ್ಚಬೇಕು. ಆಗ ಹಿಂದಿನ ಲೋಹದ ತಟ್ಟೆ ಜಾರಿ ಬೀಳುತ್ತದೆ, ಒಂದು ಕೈಯಿಂದ ಹಿಡಿದುಕೊಳ್ಳಿ. ನಾಲ್ಕು ಸ್ಕ್ರೂಗಳನ್ನು ಎದುರುಬದುರು ಮೂಲೆಯಿಂದ ಎರಡೆರಡು ಸುತ್ತು ತಿರುಗಿಸುತ್ತಾ ಬನ್ನಿ. ಪೇಸ್ಟ್ ಮೊದಲೇ ಹಚ್ಚಿರುತ್ತದೆ, ಮತ್ತೆ ಹಚ್ಚಬೇಡಿ. ಬೇರೆ ಕೂಲರ್ ಆದರೆ ತಳದ ಪ್ಲಾಸ್ಟಿಕ್ ಹಾಳೆ ಕೀಳಲು ಮರೆಯಬೇಡಿ. ಮುಂದೆಂದಾದರೂ ಈ ಕೂಲರ್ ತೆಗೆಯುವಾಗ ಹತ್ತು ನಿಮಿಷ ಲೋಡ್ ಹಾಕಿ ಬಿಸಿ ಮಾಡಿ, ಆಫ್ ಮಾಡಿ, ಸ್ವಲ್ಪ ತಿರುಚಿ ತೆಗೆಯಿರಿ. ನೇರ ಎಳೆದರೆ ಎಎಂ4ನಲ್ಲಿ ಪ್ರೊಸೆಸರ್ ಕೂಲರ್‌ಗೆ ಅಂಟಿಕೊಂಡೇ ಸಾಕೆಟ್‌ನಿಂದ ಕಿತ್ತು ಬಂದು ಪಿನ್ ಬಾಗಬಹುದು.

ಕ್ಯಾಬಿನೆಟ್‌ನೊಳಗಿನ ಸ್ಟ್ಯಾಂಡ್‌ಆಫ್‌ಗಳು (ಬೋರ್ಡನ್ನು ಎತ್ತಿ ಹಿಡಿಯುವ ಸಣ್ಣ ಲೋಹದ ಕಾಲುಗಳು) ಬೋರ್ಡಿನ ತೂತುಗಳ ಕೆಳಗೆ ಮಾತ್ರ ಇರಬೇಕು. ಒಂದು ಹೆಚ್ಚಾಗಿ ಉಳಿದರೆ ಬೋರ್ಡಿನ ಬೆನ್ನಿಗೆ ತಗಲಿ ಶಾರ್ಟ್. ಹಿಂದಿನ ಐಒ ಶೀಲ್ಡ್ (ಪೋರ್ಟ್‌ಗಳ ಸುತ್ತ ಕೂರುವ ತಗಡು) ಬೋರ್ಡಿಗಿಂತ ಮುಂಚೆ ಕೂರಬೇಕು.

ಪ್ರೊಸೆಸರ್ ಕೇಬಲ್ 4+4 ಆಗಿ ಒಡೆಯುತ್ತದೆ, ಕಾರ್ಡಿನ ಕೇಬಲ್ 6+2 ಆಗಿ. ಎರಡೂ 8 ಪಿನ್ನೇ, ಆದರೆ 12 ವೋಲ್ಟ್ ಮತ್ತು ಗ್ರೌಂಡ್ ಅದಲುಬದಲು. ಕಷ್ಟಪಟ್ಟು ತುರುಕಬೇಕಾಗಿ ಬಂದರೆ ಅದು ತಪ್ಪು ಕೇಬಲ್. ಮಾಡ್ಯುಲರ್ ಎಸ್‌ಎಂಪಿಎಸ್ ಆದರೆ ಅದರ ಡಬ್ಬಿಯಲ್ಲಿ ಬಂದ ಕೇಬಲ್ ಬಿಟ್ಟು ಇನ್ನೊಂದರದ್ದು ಎಂದೂ ಹಾಕಬೇಡಿ; ಪಿನ್ ಕ್ರಮಕ್ಕೆ ಎಲ್ಲರಿಗೂ ಒಂದೇ ಎಂಬ ನಿಯಮವಿಲ್ಲ, ಡಿಸ್ಕ್ ಸುಟ್ಟುಹೋಗುತ್ತದೆ.

#16 ಎರಡನೇಸ್ಲಾಟ್

ರ‍್ಯಾಮ್ ಎರಡು ಸ್ಟಿಕ್ ಆದ್ರೆ ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ನೇ ಸ್ಲಾಟ್. ಬೋರ್ಡ್ ಮೇಲೆ ಎ2, ಬಿ2 ಅಂತ ಬರೆದಿರುತ್ತೆ. ಟಕ್ ಅನ್ನೋವರೆಗೂ ಒತ್ತಿ, ಹೊಸಬರು ಇಲ್ಲೇ ಹೆದರಿ ಅರ್ಧಕ್ಕೆ ಬಿಡ್ತಾರೆ.

ಪರದೆ ಬರಲಿಲ್ಲ ಅಂದ್ರೆ ನೋಡೋ ಕ್ರಮ: ಮಾನಿಟರ್ ಕೇಬಲ್ ಕಾರ್ಡಿಗೆ ಹಾಕಿದೀರಾ ಅಥವಾ ಬೋರ್ಡಿಗಾ? 5600ರಲ್ಲಿ ಬೋರ್ಡಿನ ಎಚ್‌ಡಿಎಂಐ ಬರೀ ಅಲಂಕಾರ. ಪ್ರೊಸೆಸರ್‌ನ 8 ಪಿನ್ ಹಾಕಿದೀರಾ? ಅದಿಲ್ದೆ ಫ್ಯಾನ್ ತಿರುಗುತ್ತೆ, ಪರದೆ ಬರಲ್ಲ. ಕಾರ್ಡಿನ 8 ಪಿನ್? ಆಮೇಲೆ ಬೋರ್ಡಿನ ಅಂಚಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ನಾಲ್ಕು ಸಣ್ಣ ದೀಪ, ಯಾವುದು ಹತ್ತಿ ನಿಂತಿದೆ ನೋಡಿ. ಡಿರ‍್ಯಾಮ್ ಆದ್ರೆ ಎ2ನಲ್ಲಿ ಒಂದೇ ಸ್ಟಿಕ್ ಇಟ್ಟು ನೋಡಿ. ಏನೂ ಆಗ್ಲಿಲ್ಲ ಅಂದ್ರೆ ಕರೆಂಟ್ ತೆಗೆದು ಸಿಆರ್2032 ಸೆಲ್ ಐದು ನಿಮಿಷ ಹೊರಗಿಡಿ. ಎಎಂ5 ತಗೊಂಡೋರು ಮಾತ್ರ ಮೊದಲ ಸಲ ಕೆಲವು ನಿಮಿಷ ಕಪ್ಪು ಪರದೆ ನೋಡ್ಕೊಂಡು ಕಾಯಲೇಬೇಕು, ಅದು ಮೆಮೊರಿ ಟ್ರೇನಿಂಗ್. ನಡುವೆ ಆಫ್ ಮಾಡಿದ್ರೆ ಮತ್ತೆ ಮೊದಲಿಂದ.

#17 ಮೌನಫ್ಯಾನ್

ಪರದೆ ಬಂದ ಮೇಲೆ ಬಯಾಸ್‌ನಲ್ಲಿ ಮಾಡಬೇಕಾದ್ದು: ಎಕ್ಸ್‌ಎಂಪಿ ಆನ್ ಮಾಡಿ, ಇಲ್ಲದಿದ್ದರೆ ರ‍್ಯಾಮ್ 2133 ಅಥವಾ 2400ರಲ್ಲೇ ತೆವಳುತ್ತೆ. ಎಸ್‌ವಿಎಂ ಮೋಡ್ (ವರ್ಚುವಲೈಸೇಶನ್) ಆನ್ ಮಾಡಿ, ಅದು ಆಫ್ ಇದ್ದರೆ ವಿಂಡೋಸ್‌ನಲ್ಲಿ ಡಾಕರ್, ವರ್ಚುವಲ್ ಮಷೀನ್ ಏಳಲ್ಲ. ಸಿಎಸ್‌ಎಂ (ಹಳೇ ಬಗೆಯ ಬೂಟ್) ಆಫ್, ಅಬೌವ್ 4ಜಿ ಡಿಕೋಡಿಂಗ್ ಮತ್ತು ರೀಸೈಜಬಲ್ ಬಾರ್ ಆನ್. ಎಫ್‌ಟಿಪಿಎಂ (ಪ್ರೊಸೆಸರ್‌ನೊಳಗಿನ ಭದ್ರತಾ ವ್ಯವಸ್ಥೆ) ಆನ್ ಇದೆಯಾ ನೋಡಿ, ವಿಂಡೋಸ್ 11 ಕೇಳುತ್ತೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಬೆಂಬಲ ಮುಗಿದಿದೆ, ಹೊಸ ಪಿಸಿಗೆ ಅದು ಬೇಡ. ಪ್ರೋಗ್ರಾಮಿಂಗ್ ಮಾತ್ರ ಅಂದ್ರೆ ಲಿನಕ್ಸ್ ಹಾಕಿ, ಒಂದು ಲೈಸೆನ್ಸ್ ದುಡ್ಡು ಉಳಿಯಿತು.

ಎಚ್‌ಡಬ್ಲ್ಯುಇನ್ಫೊ ಅನ್ನೋ ಸಾಫ್ಟ್‌ವೇರ್‌ನಲ್ಲಿ ರ‍್ಯಾಮ್ 1600 ಮೆಗಾಹರ್ಟ್ಸ್ ಅಂತ ತೋರಿಸಿದರೆ ಗಾಬರಿಯಾಗಬೇಡಿ. ಡಿಡಿಆರ್ ಪ್ರತಿ ಸುತ್ತಿಗೆ ಎರಡು ಸಲ ಕಳಿಸುತ್ತೆ, 1600 ಅಂದ್ರೆ 3200ರೇ.

#18 ಬೆಸುಗೆ

ಇನ್‌ಸ್ಟಾಲ್ ಮುಂಚೆ ಒಂದು ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಿಸಿ. ಒಂದೇ ಒಂದು ಎರರ್ ಬಂದರೂ ಎಕ್ಸ್‌ಎಂಪಿ ಆಫ್ ಮಾಡಿ ಮತ್ತೆ ಓಡಿಸಿ. ಆಗಲೂ ಬಂದರೆ ಸ್ಟಿಕ್ ವಾಪಸ್ ಕೊಡಿ. ಕೆಟ್ಟ ರ‍್ಯಾಮ್ ಮೇಲೆ ವಿಂಡೋಸ್ ಹಾಕಿದರೆ ಫೈಲ್‌ಗಳು ಸದ್ದಿಲ್ಲದೆ ಹಾಳಾಗುತ್ತವೆ, ತಿಂಗಳಾದ ಮೇಲೆ ತಪ್ಪು ಯಾವುದರದ್ದು ಅಂತ ಹುಡುಕುವುದು ಯಾತನೆ. ವಾಪಸ್ ಮಾಡುವ ಅವಧಿ ಕಿರಿದಾಗಿರುತ್ತದೆ, ಹಾಗಾಗಿ ಎಲ್ಲ ಭಾಗಗಳನ್ನೂ ಹತ್ತಿರ ಹತ್ತಿರದ ದಿನಗಳಲ್ಲೇ ತರಿಸಿ. ಬೋರ್ಡ್ ಈ ತಿಂಗಳು, ಪ್ರೊಸೆಸರ್ ಮುಂದಿನ ತಿಂಗಳು ಅಂದರೆ ಬೋರ್ಡ್ ಪರೀಕ್ಷಿಸುವ ಹೊತ್ತಿಗೆ ಅವಧಿ ಮುಗಿದಿರುತ್ತದೆ.

#19 ಹೊಸಗಣಕ

ಹಳೆಯ ಲ್ಯಾಪ್‌ಟಾಪಿನ ಸಾಟಾ ಎಸ್‌ಎಸ್‌ಡಿ ಒಂದಿದೆ, ಅದರಲ್ಲಿ ಫೈಲ್‌ಗಳಿವೆ. ಅದನ್ನೂ ಹಾಕಿಯೇ ವಿಂಡೋಸ್ ಇನ್‌ಸ್ಟಾಲ್ ಮಾಡಬಹುದಾ? ಪ್ರೊಸೆಸರ್ ತಾಪ ಎಷ್ಟಿದ್ದರೆ ಸರಿ?

#20 ಬೆಸುಗೆ

ಬೇಡ, ಇನ್‌ಸ್ಟಾಲ್ ಮುಗಿಯುವ ತನಕ ಅದರ ಕೇಬಲ್ ತೆಗೆದಿಡಿ. ಎರಡು ಡಿಸ್ಕ್ ಕಂಡರೆ ವಿಂಡೋಸ್ ತನ್ನ ಬೂಟ್ ಪಾರ್ಟಿಶನ್ ಅನ್ನು ಹಳೆಯದರ ಮೇಲೆ ಬರೆದುಬಿಡಬಹುದು. ನಾಳೆ ಆ ಡಿಸ್ಕ್ ಕಿತ್ತರೆ ಹೊಸದೂ ಏಳುವುದಿಲ್ಲ. ಹಳೆಯದು ಬಿಟ್‌ಲಾಕರ್‌ನಿಂದ ಬೀಗ ಹಾಕಿದ್ದಾದರೆ ಅದರ ರಿಕವರಿ ಕೀ ಲ್ಯಾಪ್‌ಟಾಪ್ ಇನ್ನೂ ಏಳುತ್ತಿರುವಾಗಲೇ ಬರೆದಿಟ್ಟುಕೊಳ್ಳಿ. ಬೋರ್ಡಿನ ಲ್ಯಾನ್ ಅಥವಾ ವೈಫೈ ಡ್ರೈವರ್ ಕೂಡ ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡಿರಿ; ವಿಂಡೋಸ್ 11 ಸೆಟಪ್ ನಡುವೆ ನೆಟ್ ಕೇಳುತ್ತದೆ, ಡ್ರೈವರ್ ಇಲ್ಲದೆ ಅಲ್ಲೇ ನಿಲ್ಲುತ್ತದೆ.

ತಾಪ: 5600ರ ಮಿತಿ 90 ಡಿಗ್ರಿ. ಡಬ್ಬಿಯ ಕೂಲರ್‌ನಲ್ಲಿ ಸಿನೆಬೆಂಚ್ (ಪ್ರೊಸೆಸರ್‌ಗೆ ಪೂರ್ತಿ ಲೋಡ್ ಹಾಕುವ ಪರೀಕ್ಷೆ) 10 ನಿಮಿಷ ಓಡಿಸಿದಾಗ 80ರ ಆಸುಪಾಸು ಬಂದರೆ ಸಹಜ. ಶುರುವಾದ ಕೆಲವೇ ಸೆಕೆಂಡಿಗೆ 90 ಮುಟ್ಟಿ ವೇಗ ಇಳಿದರೆ ಕೂಲರ್ ಒಂದು ಮೂಲೆಯಲ್ಲಿ ಎತ್ತಿಕೊಂಡಿದೆ, ಸ್ಕ್ರೂ ಮತ್ತೆ ನೋಡಿ. ಸುಮ್ಮನಿರುವಾಗ 40ರಿಂದ 55ಕ್ಕೆ ಹಾರಿ ಇಳಿಯುವುದು ರೈಜೆನ್‌ನ ಜಾಯಮಾನ. ಅದಕ್ಕೆ ಫ್ಯಾನ್ ಊಳಿಡುತ್ತಿದ್ದರೆ ಬಯಾಸ್‌ನ ಫ್ಯಾನ್ ಕರ್ವ್‌ನಲ್ಲಿ 60 ಡಿಗ್ರಿಯ ತನಕ ಒಂದೇ ವೇಗ ಇಡಿ.